ಕೆಳಗೆ ನೋಡದವನನ್ನೂ ಬೀಳಿಸಿದ ಗುರುತ್ವಾಕರ್ಷಣೆಯವರಿಗೆ

ಮಾನ್ಯ ಗುರುತ್ವಾಕರ್ಷಣೆಯವರೇ,

ದೆಹಲಿಯ ವಸಂತ್ ಕುಂಜ್‌ನ ಫ್ಲ್ಯಾಟೊಂದರಿಂದ, ಸೊಂಟದ ಕೆಳಗೆ ಎರಡು ದಿಂಬಿಟ್ಟುಕೊಂಡು, ತಮಗೆ ಮಲಗಿಯೇ ಮಾಡುತ್ತಿರುವ ನಮಸ್ಕಾರಗಳು. ಎದ್ದು ನಿಂತು ಕೈಮುಗಿಯಲು ಡಾಕ್ಟರ ಅನುಮತಿಯಿಲ್ಲ.

ತಮ್ಮ ಔದಾರ್ಯವನ್ನು ನಾನು ಚೆನ್ನಾಗಿ ಬಲ್ಲೆ. ಹನ್ನೊಂದು ವರ್ಷಗಳಿಂದ ವಿಶ್ವವಿದ್ಯಾಲಯದಲ್ಲಿ ಹಳೆಯ ಮೂಕಿ ಹಾಸ್ಯಚಿತ್ರಗಳನ್ನೂ ಕಾರ್ಟೂನುಗಳನ್ನೂ ಪಾಠ ಮಾಡಿಕೊಂಡು ಬಂದವನು ನಾನು. ಕಾರ್ಟೂನಿನ ಬೆಕ್ಕು ಬಂಡೆಯಂಚು ದಾಟಿ ಬರಿಗಾಳಿಯಲ್ಲಿ ಓಡುತ್ತಿದ್ದರೂ ಅದು ಕೆಳಗೆ ನೋಡುವವರೆಗೆ ತಾವು ಕಾಯುತ್ತೀರಿ. ನೋಡಿದ ಮೇಲೂ ನಮಗೆಲ್ಲ ಟಾಟಾ ಮಾಡಲು ಸಮಯ ಕೊಡುತ್ತೀರಿ. ಇಷ್ಟು ಸೌಜನ್ಯವನ್ನು ದೆಹಲಿಯ ಯಾವ ಕಚೇರಿಯಲ್ಲೂ ನಾನು ಕಂಡಿಲ್ಲ.

ಕಳೆದ ಭಾನುವಾರ ಇಲ್ಲಿನ ಕನ್ನಡ ವಿದ್ಯಾರ್ಥಿಗಳ ಕೂಟದಲ್ಲಿ ಇದನ್ನೇ ವಿವರಿಸಿ ನಲವತ್ತು ನಿಮಿಷ ಮಾತಾಡಿದೆ. ಯಾರೂ ನಗಲಿಲ್ಲ, ಅದು ನನಗೆ ರೂಢಿಯೇ. ಆದರೆ ಮೊದಲ ಸಾಲಿನಲ್ಲಿ ಮಗಳು ಪ್ರೇರಣಾ ಇದ್ದಳು. ಹತ್ತನೇ ಕ್ಲಾಸಿಗೆ ಬಂದಂದಿನಿಂದ ನನ್ನ ಯಾವ ಮಾತಿಗೂ ನಗದ ಹುಡುಗಿಯನ್ನು ಒಮ್ಮೆಯಾದರೂ ನಗಿಸಬೇಕೆಂದು ಗೋಗರೆದು ಕರೆತಂದಿದ್ದೆ. ಅವಳು ಮೊಬೈಲಿನಿಂದ ತಲೆಯೆತ್ತಲಿಲ್ಲ.

ಕೊನೆಗೆ ವಾಡಿಕೆಯಂತೆ ಸನ್ಮಾನ. ಕೂಟದ ಅಧ್ಯಕ್ಷರಾದ ದತ್ತಾತ್ರೇಯ ಅವರು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ತಮ್ಮದೇ ತಲೆಯ ಅಳತೆಗೆ ತಂದಿದ್ದ ಮೈಸೂರು ಪೇಟವನ್ನು ನನಗೆ ತೊಡಿಸಿದರು. ಪೇಟ ಮೂಗಿನವರೆಗೆ ಇಳಿಯಿತು. ಫೋಟೋ ತೆಗೆಯುವವರು ಒಂದು ಹೆಜ್ಜೆ ಹಿಂದೆ ಸರಿಯಿರಿ ಎಂದರು, ಸರಿದೆ, ವೇದಿಕೆ ಅಲ್ಲಿಗೆ ಮುಗಿದಿತ್ತು. ನನ್ನ ದೂರು ಇಷ್ಟೇ: ನಾನು ಕೆಳಗೆ ನೋಡಲೇ ಇಲ್ಲ. ಪೇಟದೊಳಗಿನಿಂದ ನೋಡಲು ಸಾಧ್ಯವೂ ಇರಲಿಲ್ಲ. ತಮ್ಮ ನಿಯಮದ ಪ್ರಕಾರ ನಾನು ಇವತ್ತಿಗೂ ಬುಟ್ಟಿ ಹಿಡಿದು ಗಾಳಿಯಲ್ಲೇ ನಿಂತಿರಬೇಕಿತ್ತು. ಬೆಕ್ಕಿಗೊಂದು ಕಾನೂನು, ಮೇಷ್ಟರಿಗೊಂದು ಕಾನೂನೇ?

ಸಭಿಕರು ಇದನ್ನು ಉಪನ್ಯಾಸದ ಪ್ರಾತ್ಯಕ್ಷಿಕೆಯೆಂದೇ ತಿಳಿದು, ಎದ್ದು ನಿಂತು ಚಪ್ಪಾಳೆ ತಟ್ಟಿ, 'ಒನ್ಸ್ ಮೋರ್' ಎಂದರು. ಪ್ರೇರಣಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗುತ್ತಲೇ ಎಲ್ಲರಿಗಿಂತ ಮೊದಲು ಓಡಿಬಂದು, ಪೇಟ ಎತ್ತಿ, 'ಪಪ್ಪಾ, ಜ್ಯಾದಾ ಲಗೀ ಕ್ಯಾ?' ಎಂದು, ತುಂಬಾ ಪೆಟ್ಟಾಯಿತೇ ಎಂದು, ಹಿಂದಿಯಲ್ಲಿ ಕೇಳಿದಳು. ಇಲ್ಲವೆಂದು ಸುಳ್ಳು ಹೇಳಿದೆ.

ಆದಕಾರಣ ಇನ್ನು ಮುಂದೆ ನನ್ನನ್ನು ಬೀಳಿಸುವ ಮುನ್ನ ಹದಿನೈದು ದಿನಗಳ ಲಿಖಿತ ನೋಟಿಸು, ಟಾಟಾ ಮಾಡಲು ತಕ್ಕಷ್ಟು ಸಮಯ, ಬಿದ್ದ ಜಾಗದಲ್ಲಿ ನನ್ನದೇ ಆಕಾರದ ಗುಂಡಿ ಹಾಗೂ ಮರುದೃಶ್ಯದಲ್ಲಿ ಹೊಚ್ಚಹೊಸ ಸೊಂಟವನ್ನು ಮಂಜೂರು ಮಾಡಬೇಕಾಗಿ ವಿನಂತಿ.

ತಮ್ಮಿಂದ ನೆಲ ಕಂಡ ವಿಶ್ವಾಸಿ,
ಚಿದಂಬರ

ವಿ.ಸೂ.: ಬರುವ ತಿಂಗಳು ಕಿದ್ವಾಯಿ ನಗರದಲ್ಲಿ ಇದೇ ಉಪನ್ಯಾಸವಿದೆ. ತಾನೂ ಬರುತ್ತೇನೆಂದು ಪ್ರೇರಣಾ ತಾನಾಗಿಯೇ ಹೇಳಿದ್ದಾಳೆ. ಆದ್ದರಿಂದ ಮೇಲಿನ ದೂರನ್ನು ಆ ಒಂದು ದಿನದ ಮಟ್ಟಿಗೆ ಹಿಂಪಡೆದಿದ್ದೇನೆ. ಎಡಮಗ್ಗುಲಿಗೆ ಬೀಳಿಸಿದರೆ ಉಪಕಾರವಾದೀತು. ಬಲಗಡೆಯದು ಅಷ್ಟರೊಳಗೆ ವಾಸಿಯಾಗುವುದಿಲ್ಲವಂತೆ.