ನಾನು ಬರೆದ ಭಾಷೆ, ಮಾಲತಿ ಕೊಟ್ಟ ಕಣ

ಬರೆದಿಡುವ ಚಟ ಒಮ್ಮೆ ಅಂಟಿಕೊಂಡರೆ ಬಿಡುವುದಿಲ್ಲ. ಗ್ಯಾಸ್ ಸಿಲಿಂಡರ್ ಯಾವತ್ತು ಹಚ್ಚಿದೆ, ಯಾವ ಮಂಗಳವಾರ ಲೋಕಲ್ ರೈಲು ತಪ್ಪಿತು, ಎಲ್ಲಕ್ಕೂ ನನ್ನಲ್ಲಿ ನೋಟ್‌ಬುಕ್ ಇತ್ತು. ಎಲ್ಲಕ್ಕಿಂತ ದಪ್ಪನೆಯದು ರವಿಕೆ ಕಣದ್ದು. ಅರಿಸಿನ ಕುಂಕುಮಕ್ಕೆ ಕರೆದವರು ತಾಂಬೂಲದ ಜೊತೆ ಕೊಟ್ಟ ಕಣವನ್ನು ಯಾರೂ ಹೊಲಿಸುವುದಿಲ್ಲ. ಟ್ರಂಕಿನಲ್ಲಿಟ್ಟು ಮುಂದಿನ ಹಬ್ಬಕ್ಕೆ ಇನ್ನೊಬ್ಬರಿಗೆ ದಾಟಿಸುತ್ತೇವೆ. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಇರುವುದೊಂದೇ ನಿಯಮ: ಕೊಟ್ಟವರಿಗೇ ಅದು ವಾಪಸು ಹೋಗಬಾರದು. ದಹಿಸರ್‌ನ ನಮ್ಮ ಬಿಲ್ಡಿಂಗಿನಲ್ಲಿ ಹನ್ನೊಂದು ವರ್ಷ ನನ್ನಿಂದ ಆ ತಪ್ಪು ಆಗಿರಲಿಲ್ಲ. ಆಮೇಲೆ ನಾನು ಕಂಪ್ಯೂಟರ್ ಭಾಷೆ ಬರೆದೆ.

ಅಂಧೇರಿಯ ಆಫೀಸಿನಲ್ಲಿ ನಾನಿದ್ದದ್ದು ಕಂಪ್ಯೂಟರ್ ವಿಭಾಗದಲ್ಲಿ. ಮಾಹಿತಿ ತುಂಬಿಟ್ಟು ಹುಡುಕಿಕೊಡುವ ಪ್ಯಾಕೇಜು ಅಲ್ಲಿತ್ತು, ಆದರೆ ಒಂದು ಚುಕ್ಕಿ ತಪ್ಪಿದರೂ ಮುಖ ತಿರುಗಿಸುತ್ತಿತ್ತು. ಮನೆಯಲ್ಲಿ ಕೇಳುವ ಹಾಗೆ ಕೇಳಿದರೆ ಉತ್ತರ ಕೊಡುವ ಭಾಷೆ ಯಾಕಿರಬಾರದು ಅನ್ನಿಸಿ, ಎರಡು ವರ್ಷದ ಊಟದ ವಿರಾಮಗಳನ್ನೆಲ್ಲ ಸುರಿದು ‘ಕೇಳು’ ಎಂಬ ಭಾಷೆ ಕಟ್ಟಿದೆ. ‘ಯಾರು’, ‘ಯಾವುದು’, ‘ಯಾರಿಗೆ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದರೆ ಸಾಕು. ಮೊದಲು ತುಂಬಿದ್ದು ಕಣದ ನೋಟ್‌ಬುಕ್ಕನ್ನೇ. ಟ್ರಂಕಿನಲ್ಲಿರುವುದು ಯಾವುದು ಎಂದು ಕೇಳಿದಾಗ ಪರದೆಯ ಮೇಲೆ ಪಟ್ಟಿ ಸರಸರ ಇಳಿಯಿತು. ನಾನು ಕೈಯಲ್ಲಿದ್ದ ಚಪಾತಿ ಸಮೇತ ಎದ್ದು ನಿಂತೆ. ಪಕ್ಕದ ಮೇಜಿನ ದಕ್ಷಾಬೆನ್ “ಏನಾಯ್ತು, ಇಲಿ ಬಂತಾ?” ಎಂದು ಹಿಂದಿಯಲ್ಲಿ ಕೇಳಿದರು.

ಆ ನವರಾತ್ರಿಗೆ ನೋಟ್‌ಬುಕ್ ತೆರೆಯಲೇ ಇಲ್ಲ. ‘ಕೇಳು’ ಕೊಟ್ಟ ಪಟ್ಟಿಯಂತೆ ಕಣ ಹಂಚಿ, ಯಾರಿಗೆ ಯಾವುದು ಹೋಯಿತೆಂದು ತುಂಬಿದೆ. ಅದೇ ಹುರುಪಿನಲ್ಲಿ ಭಾಷೆಯನ್ನು ಹತ್ತು ಫ್ಲಾಪಿಗಳಿಗೆ ಹಾಕಿ, ಮಾದರಿಗೆಂದು ಕಣದ ಪಟ್ಟಿಯನ್ನೂ ಸೇರಿಸಿ, ‘ಇನ್ನೂ ಪ್ರಯೋಗ. ಬಿಟ್ಟಿ. ನಕಲು ಮಾಡಿ ಹಂಚಿ. ತಪ್ಪು ಕಂಡರೆ ಹೇಳಿ’ ಎಂದು ಚೀಟಿ ಅಂಟಿಸಿ ಆಫೀಸಿನಲ್ಲೂ ಬಿಲ್ಡಿಂಗಿನಲ್ಲೂ ತಾಂಬೂಲದ ಹಾಗೆ ಹಂಚಿಬಿಟ್ಟೆ. ಎಲ್ಲರೂ ಸಂತೋಷದಿಂದ ತೆಗೆದುಕೊಂಡರು, ಖಾಲಿ ಫ್ಲಾಪಿ ಸಿಕ್ಕಿತೆಂದು. ಒಬ್ಬರು ನನ್ನ ಭಾಷೆ ಅಳಿಸಿ ಜಾತಕ ತುಂಬಿಕೊಂಡರು. ಯಾರಾದರೊಬ್ಬರು ಓಡಿಸಿ ನೋಡಿ, ಚೆನ್ನಾಗಿಲ್ಲ ಅಂತಲಾದರೂ ಹೇಳಲಿ ಎಂದು ಮೂರು ತಿಂಗಳು ಕಾದೆ.

ಸಂಕ್ರಾಂತಿ ಹತ್ತಿರವಾದಾಗ, ಮೇಲಿನ ಮನೆಯ ಧಾರವಾಡದ ಮಾಲತಿ ಬಾಗಿಲಲ್ಲಿ ನಿಂತಳು. ಒಂದು ಕೈಯಲ್ಲಿ ಗಿಳಿಹಸಿರು ಕಣ, ಇನ್ನೊಂದರಲ್ಲಿ ಪ್ರಿಂಟ್‌ಔಟ್.

“ಅಕ್ಕಾರ, ನಮ್ಮ ಮನಿಯವರು ತಮ್ಮ ಆಫೀಸಿನಾಗ ನಿಮ್ಮ ಫ್ಲಾಪಿ ಹಾಕಿ ನೋಡ್ಯಾರ.”

ನಾನು ಹಾಳೆಗೆ ಕೈಚಾಚಿದೆ. “ಓಡಿತಾ?”

“ಓಡ್ತು. ಓದ್ರಿ.”

ಹಾಳೆಯಲ್ಲಿ ಹೀಗಿತ್ತು: ಗಿಳಿಹಸಿರು. ಕೊಟ್ಟವರು, ಮಾಲತಿ. ಹೋದದ್ದು, ಮಾಲತಿಗೆ.

“ನಾ ಗೌರಿ ಹಬ್ಬಕ್ಕ ಕೊಟ್ಟದ್ದು ದಸರಾಕ್ಕ ನನಗ ಬಂತು. ಈ ಹಾಳಿ ನೋಡಿ ಟ್ರಂಕ್ ತಗದ್ರ, ನಾ ಹಾಕಿದ ಮಡಿಕೀನೂ ಬಿಚ್ಚಿಲ್ಲ ನೀವು.”

“ಉತ್ತರ ಬರೋಕೆ ಎಷ್ಟು ಹೊತ್ತು ಹಿಡೀತಂತೆ?”

“ಅಕ್ಕಾರ, ನಾ ಸಿಟ್ಟಿಗೆದ್ದು ಬಂದೀನಿ.”

“ಬಾ, ಕೂತ್ಕೊಂಡು ಸಿಟ್ಟು ಮಾಡು. ಒಂದು ನಿಮಿಷದೊಳಗೆ ಬಂತಾ?”

“ಆಫೀಸಿನಾಗ ಎಲ್ಲಾರೂ ನಕ್ಕಾರಂತ. ಇನ್ನ ಈ ಮನಿ ಕುಂಕುಮಕ್ಕ ನಾ ಬರೂದಿಲ್ಲ.”

ಆಗ ನನ್ನ ಹುರುಪು ಇಳಿಯಿತು. ತಪ್ಪು ನನ್ನದಲ್ಲ, ಭಾಷೆಯದು ಎನ್ನಹೋದೆ; ಭಾಷೆಯೂ ನನ್ನದೇ. ಹನ್ನೊಂದು ವರ್ಷ ಪಾಲಿಸಿದ ಆ ಒಂದು ನಿಯಮವನ್ನೇ ಬಿಟ್ಟು ಉಳಿದದ್ದನ್ನೆಲ್ಲ ಅದಕ್ಕೆ ಕಲಿಸಿದ್ದೆ. ಅದನ್ನೇ ಅವಳಿಗೆ ಹೇಳಿದೆ. “ಹತ್ತು ಜನಕ್ಕೆ ಕೊಟ್ಟೆ ಮಾಲತಿ. ತಪ್ಪು ಹಿಡಿದವಳು ನೀನೊಬ್ಬಳೇ.”

ನಾನು ಮುಂದಿಟ್ಟ ಕಾಫಿ ಲೋಟವನ್ನು ಅವಳು ಕೈಗೆತ್ತಿಕೊಂಡಳು. “ಹಂಗಾರ ಸರಿ ಮಾಡ್ರಿ,” ಎಂದು ಕುಡಿದು, ಕಣ ಎತ್ತಿಕೊಂಡು ಹೋದಳು.

ನಾಲ್ಕು ದಿನ ಊಟ ಬಿಟ್ಟು ಸರಿಮಾಡಿದೆ. ಸಂಕ್ರಾಂತಿಗೆ ಮಾಲತಿ ಕರೆಯುತ್ತಾಳೋ ಇಲ್ಲವೋ ಎಂದು ಅಳುಕಿತ್ತು, ಕರೆದಳು. ತಾಂಬೂಲದಲ್ಲಿ ಅದೇ ಗಿಳಿಹಸಿರು ಕಣ. “ಚೆಕ್ ಮಾಡ್ರಿ,” ಎಂದಳು, ಮುಖದಲ್ಲಿ ನಗುವಿನ ಸುಳಿವೇ ಇಲ್ಲದೆ. ಮರುದಿನ ಆಫೀಸಿನಲ್ಲಿ, ಅದನ್ನು ಮಾಲತಿಗೆ ಕೊಡಲೇ ಎಂದು ನನ್ನ ಭಾಷೆಯನ್ನು ಕೇಳಿದೆ. ‘ಬೇಡ, ಅವರದ್ದೇ’ ಎಂದಿತು ಪರದೆ. ನಾನು ಮತ್ತೆ ಎದ್ದು ನಿಂತೆ. ದಕ್ಷಾಬೆನ್ ಈ ಸಲ ಕಾಲು ಮೇಲೆತ್ತಿಕೊಂಡರು.

ಆದರೆ ಆ ಕಣದ ಕಥೆ ಅಷ್ಟರಲ್ಲಿ ಬಿಲ್ಡಿಂಗಿಗೆಲ್ಲ ಗೊತ್ತಾಗಿ, ಅದನ್ನು ಯಾರಿಗೂ ಕೊಡುವಂತಿರಲಿಲ್ಲ. ಕೊನೆಗೆ ನಾನೇ ಹೊಲಿಸಿಕೊಂಡೆ. ತೋಳು ಸ್ವಲ್ಪ ಬಿಗಿ. ಹೊಲಿಸಿದ್ದನ್ನು ನಮೂದಿಸಲು ಹೋದರೆ, ಕಣವನ್ನು ಯಾರಾದರೂ ಹೊಲಿಸಿಯಾರು ಎಂದು ಊಹಿಸದ ನನ್ನ ಭಾಷೆಯಲ್ಲಿ ಅದಕ್ಕೊಂದು ಮಾತೇ ಇರಲಿಲ್ಲ. ಆ ರವಿಕೆ ತೊಟ್ಟು ಪರದೆಯ ಎದುರಿಗೇ ಕೂತು, ಗಿಳಿಹಸಿರು ಎಲ್ಲಿ ಎಂದು ಕೇಳಿದರೂ, ‘ಟ್ರಂಕಿನಲ್ಲಿದೆ’ ಎನ್ನುತ್ತಿತ್ತು.