ಅಳುವ ಪಾಳಿ

ನಮ್ಮ ಸೋದರಮಾವನನ್ನು ನೀವು ನೋಡಿಲ್ಲ. ನೋಡದಿರುವುದೇ ಕ್ಷೇಮ! ಆರಡಿ ಎತ್ತರ, ಬಾಗಿಲು ದಾಟುವಾಗ ಓರೆಯಾಗಿ ನಡೆಯಬೇಕಾದಷ್ಟು ಅಗಲದ ಭುಜ, ಕಿವಿಯ ತನಕ ಹೋಗಿ ಅಲ್ಲಿ ಸ್ವಲ್ಪ ವಿಶ್ರಾಂತಿ ಪಡೆಯುವ ಮೀಸೆ. ಇರುವುದು ರಾವೂರಿನಲ್ಲಿ. ವಾಡಿಯ ಕಡೆ ಸುಣ್ಣದ ಕಲ್ಲು ಸಾಗಿಸುವ ದೊಡ್ಡ ಡಂಪರ್ ಓಡಿಸುತ್ತಾನೆ. ಆ ಡಂಪರಿನ ಗಾಲಿಯೇ ನನಗಿಂತ ಎತ್ತರ. ಆದರೆ ನಮ್ಮ ಮನೆಯವರು ಅವನಿಗೆ ಹೆದರುವುದು ಇದ್ಯಾವುದಕ್ಕೂ ಅಲ್ಲ. ಅವನು ಅಳುತ್ತಾನೆ!

ಅಳುವುದೆಂದರೆ ಕಣ್ಣಂಚಿನಲ್ಲಿ ಒಂದು ಹನಿ ಎಂದುಕೊಂಡಿರಾ? ಅಲ್ಲ. ಬಾಯಿ ತೆರೆದು, ಭುಜ ಕುಣಿಸಿ, ಮೂಗು ಸೇದಿ, ಹಾಡಹಗಲು, ನಾಲ್ಕು ಮಂದಿಯ ನಡುವೆ! ಜೇಬಿನ ದಸ್ತಿ ಮೂಗಿಗೇ ಸಾಲದೆಂದು ಹೆಗಲ ಮೇಲೆ ಯಾವಾಗಲೂ ಒಂದು ಚೌಕಳಿ ಟಾವೆಲ್ಲು ಹಾಕಿಕೊಂಡೇ ತಿರುಗುತ್ತಾನೆ.

ನಮ್ಮ ಕಡೆಯ ಗಂಡಸರು ಅಳುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಅವರಿಗೆ ದೇವರು ಒಂದು ಸವಲತ್ತು ಕೊಟ್ಟಿದ್ದಾನೆ. ಧೂಳು! ಕಲ್ಲಿನ ಖಣಿ, ಸಿಮೆಂಟು, ಲಾರಿ ಎಲ್ಲ ಸೇರಿ ವಾಡಿಯಿಂದ ಶಹಾಬಾದದವರೆಗೆ ಧೂಳಿಗೇನೂ ಬರವಿಲ್ಲ. ಮಗಳನ್ನು ಗಂಡನ ಮನೆಗೆ ಕಳಿಸುವ ಅಪ್ಪ, ತಾಯಿಗೆ ಮಣ್ಣು ಕೊಟ್ಟು ಬಂದ ಮಗ, ಎಲ್ಲರೂ ಕಣ್ಣುಜ್ಜಿಕೊಂಡು "ಧೂಳ ಬಿದ್ದದ್ರೀ" ಅನ್ನುತ್ತಾರೆ. ಕೇಳಿದವರೂ "ಹೌದ್ರೀ, ಈಗ ಧೂಳ ಭಾಳ ಆಗ್ಯಾದ" ಎಂದು ತಲೆಯಾಡಿಸುತ್ತಾರೆ. ಗಂಡಸ್ತನ ಉಳಿಯಿತು, ಕಣ್ಣೀರೂ ಹೋಯಿತು. ಆದರೆ ನಮ್ಮ ಮಾಮ ಈ ಸವಲತ್ತನ್ನು ಒಮ್ಮೆಯೂ ಬಳಸಿದವನಲ್ಲ. ಯಾರಾದರೂ ಪಾಪವೆಂದು "ಕಣ್ಣಾಗ ಧೂಳ ಬಿತ್ತೇನ್ರಿ?" ಎಂದು ಕೇಳಿದರೆ, ಸ್ಪಷ್ಟವಾಗಿ, ಮೂಲೆಯಲ್ಲಿದ್ದವರಿಗೂ ಕೇಳುವ ಹಾಗೆ ಹೇಳುತ್ತಾನೆ:

"ಧೂಳಲ್ಲ. ಅಳಾಕತ್ತೀನಿ."

ಇದನ್ನು ಕೇಳಿದಾಗೆಲ್ಲ ನಮ್ಮ ಅಪ್ಪನ ಮುಖ ನೋಡಬೇಕಿತ್ತು. ಅಪ್ಪ ಚಿತ್ತಾಪುರದಲ್ಲಿ ಡ್ರಿಲ್ ಮಾಸ್ತರರಾಗಿ ನಿವೃತ್ತರಾದವರು. ಈಗಲೂ ತರಕಾರಿ ತರಲು ಹೋಗುವಾಗ ಎಡಗಾಲನ್ನೇ ಮೊದಲು ಇಡುತ್ತಾರೆ. ಎದೆ ಮುಂದೆ, ಹೊಟ್ಟೆ ಒಳಗೆ, ಕಣ್ಣು ನೆಟ್ಟಗೆ, ಇಷ್ಟು ಮಾಡಿದರೆ ಗಂಡಸು ತಯಾರಾಗುತ್ತಾನೆಂದು ಅವರ ನಂಬಿಕೆ. "ನಿನ್ನ ತಮ್ಮಗ ಆ ಮೀಸಿ ಯಾಕ ಬೇಕಿತ್ತು?" ಎಂದು ಅವ್ವನನ್ನು ಕೇಳುವರು. "ಮೀಸಿ ಹಚ್ಚಿಕೊಂಡು ಅಳಬಾರದಂತ ಸರಕಾರದ್ದು ಕಾಯ್ದೆ ಅದೇನ್ರಿ?" ಎಂದು ಅವ್ವ ರೊಟ್ಟಿ ಬಡಿಯುವುದನ್ನು ಮುಂದುವರಿಸುವಳು.

ಇವರಿಬ್ಬರ ನಡುವೆ ಹೆದರಿಕೊಂಡು ಬೆಳೆದವನು ನಾನು. ಯಾಕೆಂದರೆ ಹುಟ್ಟಿದಾಗಿನಿಂದ ಬಂಧುಗಳೆಲ್ಲ ನನ್ನ ಗದ್ದ ಹಿಡಿದು "ಮೂಗು ಥೇಟ್ ಮಾಮಂದೇ ಬಂದದ ನೋಡ್ರಿ" ಅನ್ನುತ್ತಿದ್ದರು. ಮೂಗು ಬಂದ ಮೇಲೆ ಅದರ ಹಿಂದಿರುವುದು ಬರದೇ ಇರುತ್ತದೆಯೇ? ಒಂದು ದಿನ ಇದ್ದಕ್ಕಿದ್ದಂತೆ ನಾಲ್ಕು ಮಂದಿಯ ಮುಂದೆ ನನಗೂ ಬಾಯಿ ತೆರೆದುಹೋದರೆ? ಹಾವು, ಚೇಳು, ದೆವ್ವ, ಯಾವುದಕ್ಕೂ ನಾನು ಅಷ್ಟು ಅಂಜಿದವನಲ್ಲ.

ಒಂಬತ್ತನೆಯ ವಯಸ್ಸಿಗೆ ಹುಣಸೆಮರದಿಂದ ಬಿದ್ದು ಕೈ ಮುರಿದುಕೊಂಡೆ. ಎಲುಬು ಕೂಡಿಸುವವನ ಮುಂದೆ ಕೂರಿಸಿ ಅಪ್ಪ ಹೇಳಿದರು, "ಗಂಡಸು ಅಳಂಗಿಲ್ಲ. ಮಗ್ಗಿ ಹೇಳು. ಹದಿನೇಳರದು." ಹದಿನೇಳೊಂದ್ಲೆಯಿಂದ ಸುರು ಮಾಡಿದೆ. ಹದಿನೇಳೆಂಟ್ಲೆ ನೂರಾ ಮೂವತ್ತಾರು ಅನ್ನುವಾಗ ಎಲುಬು ಕಟಕ್ಕೆಂದು ಜಾಗಕ್ಕೆ ಕೂತಿತು. ಅಂದಿನಿಂದ ಅಳು ಬಂದಾಗೆಲ್ಲ ಹದಿನೇಳರ ಮಗ್ಗಿ ನನ್ನ ಮಂತ್ರವಾಯಿತು. ಬದುಕಿನಲ್ಲಿ ಅಳುವ ಪ್ರಸಂಗಗಳು ಎಷ್ಟು ಬಂದವೆಂದರೆ, ಕೊನೆಗೆ ನಾನು ಗಣಿತದ ಮಾಸ್ತರನೇ ಆಗಿಬಿಟ್ಟೆ!

ಮಾಮನ ಕಥೆಗೆ ಬರುತ್ತೇನೆ. ನಾಗಪಂಚಮಿಗೆ ರಾವೂರಿನ ಹನುಮಂತದೇವರ ಗುಡಿಯ ಮುಂದೆ ಗುಂಡುಕಲ್ಲು ಎತ್ತುವ ಪಂದ್ಯ. ಮೀಸೆ ಬಂದವರೆಲ್ಲ ಪ್ರಯತ್ನ ಮಾಡಿ, ಕೆಲವರು ಮೊಣಕಾಲಿಗೆ, ಕೆಲವರು ಸೊಂಟಕ್ಕೆ ತಂದು ಕೆಡವಿದರು. ಮಾಮ ಹೋಗಿ ಒಂದೇ ಉಸಿರಿಗೆ ಹೆಗಲಿಗೇರಿಸಿದ. ಸಿಳ್ಳೆ ಬಿತ್ತು. ಅಷ್ಟರಲ್ಲಿ ಅವನ ಭುಜ ಕುಣಿಯತೊಡಗಿತು. ಕಲ್ಲಿನ ಭಾರಕ್ಕಲ್ಲ!

"ವಜ್ಜ ಆಗ್ಯಾದೇನೋ? ಇಳಸೋ ಮಾರಾಯಾ!" ಎಂದು ಮಂದಿ ಕೂಗಿದರು.

"ವಜ್ಜ ಆಗಿಲ್ಲ... ಈ ಕಲ್ಲ ಎತ್ತಾಕ ನಮ್ಮಪ್ಪ ಕಲಿಸಿದ್ದ... ಅವ ಇದ್ದಿದ್ರ..." ಎಂದು ಸುರು ಮಾಡಿದವನು, ಕಲ್ಲು ಹೆಗಲ ಮೇಲೆಯೇ ಇಟ್ಟುಕೊಂಡು ತನ್ನಪ್ಪನ ಸಮಗ್ರ ಚರಿತ್ರೆ ಹೇಳಿ ಮುಗಿಸಿದ. ಅದೇ ಕಲ್ಲನ್ನು ಕಣ್ಣು ಮಿಟುಕಿಸುವಷ್ಟು ಹೊತ್ತೂ ಹಿಡಿಯಲಾಗದ ಗಂಡಸರೆಲ್ಲ ಕೈಕಟ್ಟಿ ನಿಂತು ಕೇಳಿದರು. ಬಹುಮಾನದ ತೆಂಗಿನಕಾಯಿ ಕೊಡುವ ಹಿರಿಯರ ಕಣ್ಣಿಗೂ ಆ ದಿನ ಧೂಳು ಬಿದ್ದಿತ್ತು.

ಇನ್ನೊಮ್ಮೆ ಮಾಮ ತನ್ನ ಎಮ್ಮೆಯನ್ನು ಮಾರಿದ. ಅದು ಹೋಗುವಾಗ ತಿರುಗಿ ನೋಡಿತಂತೆ. ಸಾಕಲ್ಲ! ಕಟ್ಟೆಯ ಮೇಲೆ ಕೂತು ಸುರು ಮಾಡಿದ. ಗಂಡಸು ಕಟ್ಟೆಯ ಮೇಲೆ ಕೂತು ಇಷ್ಟು ಜೋರಾಗಿ ಅಳುತ್ತಾನೆಂದರೆ ಮನೆಯಲ್ಲಿ ಒಂದು ಹೆಣ ಬಿದ್ದಿರಲೇಬೇಕೆಂದು ಓಣಿಯವರು ತೀರ್ಮಾನಿಸಿದರು. ಪಕ್ಕದ ಮನೆಯವರು ಒಲೆ ಆರಿಸಿದರು. ಯಾರೋ ಪುಣ್ಯಾತ್ಮರು ಚಿಂಚೋಳಿಗೆ, ಮಾಮನ ಹೆಂಡತಿಯ ತವರಿಗೆ, ಫೋನ್ ಹಚ್ಚಿಬಿಟ್ಟರು. ಅವರು ಒಂದು ಜೀಪು ತುಂಬ ಬಂದು, ಹೂವಿನ ಹಾರದೊಂದಿಗೆ ಇಳಿದು, ಅಂಗಳದಿಂದಲೇ ಹಾಡ್ಯಾಡಿ ಅಳುತ್ತ ಒಳಗೆ ಹೋದರೆ, ಯಾರ ಹೆಸರು ಹಿಡಿದು ಅತ್ತರೋ ಆ ಅತ್ತೆ ಒಲೆಯ ಮುಂದೆ ಕೂತು ಚಹಾ ಸೋಸುತ್ತಿದ್ದಾಳೆ! "ನಾ ಸತ್ತೀನಂತ ಯಾರ ಹೇಳಿದ್ರೇ?" ಅಂದಳಂತೆ. ಬಂದವರು ಉಂಡೇ ಹೋದರು. ತಂದ ಹಾರವನ್ನು ಏನು ಮಾಡುವುದೆಂದು ತಿಳಿಯದೆ ಎಮ್ಮೆ ಕಟ್ಟುತ್ತಿದ್ದ ಗೂಟಕ್ಕೆ ಹಾಕಿದರು. ಅದನ್ನು ನೋಡಿ ಮಾಮ ಮತ್ತೊಮ್ಮೆ ಅತ್ತ.

ನಮ್ಮಕ್ಕನನ್ನು ಗಂಡನ ಮನೆಗೆ ಕಳಿಸುವ ದಿನ ನಾವು ಗಂಡಸರೆಲ್ಲ ಪದ್ಧತಿಯಂತೆ ದೂರ ನಿಂತು ಜೀಪಿನ ಗಾಲಿ ನೋಡುತ್ತಿದ್ದೆವು. ಹೆಂಗಸರು ಒಬ್ಬರನ್ನೊಬ್ಬರು ಅಪ್ಪಿಕೊಂಡು ಅಳುತ್ತಿದ್ದರು. ಆ ಹೆಂಗಸರ ನಡುವೆ ಒಂದು ಮೀಸೆ! ಮದುವೆಯ ವಿಡಿಯೊದಲ್ಲಿ ಈಗಲೂ ನೋಡಬಹುದು, ಮದುಮಗಳು ಕಾಣುವುದಕ್ಕಿಂತ ಹೆಚ್ಚು ಹೊತ್ತು ಮಾಮನೇ ಕಾಣುತ್ತಾನೆ. ಅಪ್ಪ ಹಲ್ಲು ಕಡಿಯುತ್ತಿದ್ದರು. ನಾನು ಹದಿನೇಳರ ಮಗ್ಗಿಯನ್ನು ಮೂರನೆಯ ಸಲ ಹೇಳುತ್ತಿದ್ದೆ. ಅಕ್ಕ ನನ್ನ ಕಡೆ ನೋಡಿದಳು. ನಾನು ಗಾಲಿಯ ನಟ್ಟು ಎಣಿಸಿದೆ. ಆರು ಇದ್ದವು.

ಆ ಸಂಜೆ ಸಿಟ್ಟಿನಿಂದಲೇ ಕೇಳಿದೆ, "ಮಾಮಾ, ನಿನಗ ನಾಚಿಕಿ ಬರಂಗಿಲ್ಲೇನು?"

ಮಾಮ ಟಾವೆಲ್ಲು ಹಿಂಡಿ ಹಗ್ಗದ ಮೇಲೆ ಹಾಕುತ್ತಿದ್ದ. "ಅಳಿಯಾ, ನಮ್ಮಲ್ಲಿ ಡ್ಯೂಟಿಗೆ ಮೂರು ಪಾಳಿ ಇರ್ತಾವ. ಒಬ್ಬವ ಬರ್ಲಿಲ್ಲಂದ್ರ ಇದ್ದವ ಅವನ ಪಾಳೀನೂ ಮಾಡಬೇಕು. ಗಾಡಿ ನಿಲ್ಲಂಗಿಲ್ಲ. ನೀವು ಗಂಡಸರು ಒಬ್ರೂ ಅಳಾಕ ಬರವಲ್ರಿ. ನಿಮ್ಮಪ್ಪಂದೂ, ನಿಂದೂ ಎಲ್ಲಾ ಪಾಳಿ ನಾನೇ ಮಾಡಾಕತ್ತೀನಿ. ನನಗೂ ದಣಿವು ಆಗ್ತದಪ್ಪಾ!"

ನಾನು ನಕ್ಕುಬಿಟ್ಟೆ. ಇಂಥವನ ಹತ್ತಿರ ಏನು ಮಾತಾಡುವುದು?

ಹೋದ ವರ್ಷ ನನ್ನ ಹೆಂಡತಿ ಹೆರಿಗೆಗೆ ಸೇಡಂಗೆ, ತನ್ನ ತವರಿಗೆ ಹೋಗಿದ್ದಳು. ನೋವು ಬಂತೆಂದು ಫೋನ್ ಬಂದಾಗ ನಾನು, ಅಪ್ಪ, ಅವ್ವ ಓಡಿದೆವು. ಅಲ್ಲಿಯ ದವಾಖಾನೆಯಲ್ಲಿ ಡಾಕ್ಟರಮ್ಮ ಹೊರಗೆ ಬಂದು ನಿಧಾನವಾಗಿ ಹೇಳಿದರು, "ಗಂಡು ಕೂಸು. ತಾಯಿ ಆರಾಮ ಇದ್ದಾರ. ಆದ್ರ ಕೂಸು ಹುಟ್ಟಿದ ಮ್ಯಾಲ ಅಳಲಿಲ್ಲ."

ಗಂಡಸು ಅಳಬಾರದೆಂದು ಕಲಿಸಿದ ಮನೆತನದಲ್ಲಿ ಹುಟ್ಟಿದ ಕೂಸು ಅಳಲಿಲ್ಲ. ಬೇರೆಯವರ ಮನೆಯ ಕಥೆಯಾಗಿದ್ದರೆ ಇಲ್ಲೊಂದು ನಗೆಯ ಮಾತು ಹೊಳೆಯುತ್ತಿತ್ತೇನೋ. ಆ ಹೊತ್ತಿನ ಭಯವನ್ನು ತಮಾಷೆಯಾಗಿ ಹೇಳಲು ನನಗೆ ಇವತ್ತಿಗೂ ಬರುವುದಿಲ್ಲ. ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮೂಗಿಗೆ ನಳಿಕೆ ಹಾಕಿದ್ದರು. ಉಸಿರಾಡುತ್ತಿದೆ, ಆದರೆ ಗಟ್ಟಿಯಾಗಿ ಅಳಬೇಕು, ಅತ್ತರೆ ಒಳ್ಳೆಯದು, ಕಾಯೋಣ ಎಂದರು. ಗಾಜಿನಾಚೆ ನನ್ನ ಅಂಗೈಗಿಂತ ತುಸು ದೊಡ್ಡದಾದ ಒಂದು ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಇಳಿದಾಗೆಲ್ಲ, ಮತ್ತೆ ಏರುತ್ತದೋ ಇಲ್ಲವೋ ಎಂದು ನನ್ನ ಉಸಿರು ನಿಲ್ಲುತ್ತಿತ್ತು.

ಅಪ್ಪ ನನ್ನ ಬೆನ್ನು ಗುದ್ದಿ, "ಗಟ್ಟಿ ಆಗು. ನೀ ಗಂಡಸು" ಎಂದರು. ನಂತರ ಅವ್ವನ ಕಡೆ ತಿರುಗಿ, "ನಿನ್ನ ತಮ್ಮಗ ಹೇಳಬ್ಯಾಡ. ಅವ ಬಂದು ದನಿ ತಗದು ಅತ್ತಂದ್ರ ಅಪಶಕುನ. ಬದುಕಿದ ಕೂಸಿನ ಮುಂದ ಅಳಬಾರದು" ಎಂದರು. ನಾನೂ ದೇವರಿಗೆ ಕೈಮುಗಿದೆ: ಕೂಸು ಅಳಲಿ, ಮಾಮ ಬರದಿರಲಿ.

ಅವ್ವ ಹೇಳದೆ ಇರುತ್ತಾಳೆಯೇ? ಮರುದಿನ ಮಧ್ಯಾಹ್ನ ವಾಡಿಯಿಂದ ಬಂದ ರೈಲಿನಲ್ಲಿ ಮಾಮ ಇಳಿದ. ಹೆಗಲ ಮೇಲೆ ಟಾವೆಲ್ಲು. ಅಪ್ಪ ದವಾಖಾನೆಯ ಬಾಗಿಲಲ್ಲಿ ಎದೆ ಮುಂದೆ ಮಾಡಿ ಅಡ್ಡ ನಿಂತರು.

"ಭಾವಾ, ಒಂದ ಸಲ ನೋಡಿ ಹೋಗ್ತೀನ್ರಿ."

"ಅಳಂಗಿಲ್ಲ ನೋಡು ಮತ್ತ!"

"ಇಲ್ರಿ."

ಮಾಮ ಗಾಜಿನ ಮುಂದೆ ನಿಂತ. ನಾವೆಲ್ಲ ಕೂಸನ್ನು ಬಿಟ್ಟು ಮಾಮನ ಕಣ್ಣನ್ನೇ ನೋಡುತ್ತಿದ್ದೆವು. ಒಂದು ನಿಮಿಷವಾಯಿತು, ಐದಾಯಿತು. ಮೀಸೆ ಅಲುಗಲಿಲ್ಲ, ಭುಜ ಕುಣಿಯಲಿಲ್ಲ. ಎಮ್ಮೆಗೆ ಅತ್ತವನು ನನ್ನ ಮಗನಿಗೆ ಅಳಲಿಲ್ಲ! ನನಗೆ ಮತ್ತಷ್ಟು ಭಯವಾಯಿತು. ಇವನಿಗೇ ಅಳು ಬರದಷ್ಟು ಪರಿಸ್ಥಿತಿ ಕೆಟ್ಟಿದೆಯೇ? ಹದಿನೇಳರ ಮಗ್ಗಿ ಸುರು ಮಾಡಿದೆ. ಹದಿನೇಳೇಳ್ಲೆಯವರೆಗೆ ಬಂತು. ಮುಂದಿನದು ಮರೆತುಹೋಗಿತ್ತು. ಇಪ್ಪತ್ತಮೂರು ವರ್ಷ ನನ್ನ ಕೈಬಿಡದ ಮಗ್ಗಿ, ಅಲ್ಲೇ ನಿಂತುಬಿಟ್ಟಿತು.

ಮಾಮ ನನ್ನ ಮುಂಗೈ ಹಿಡಿದು ಮೆಟ್ಟಿಲು ಹತ್ತಿಸಿ ದವಾಖಾನೆಯ ಮಾಳಿಗೆಯ ಮೇಲೆ ಕರೆದುಕೊಂಡು ಹೋದ. ಬಿಸಿಲಲ್ಲಿ ಹಾಸಿಗೆಯ ಚಾದರಗಳು ಒಣಗುತ್ತಿದ್ದವು. ಹೆಗಲ ಮೇಲಿನ ಟಾವೆಲ್ಲು ತೆಗೆದು ನನ್ನ ಕೈಗಿಟ್ಟ.

"ಅಳಿಯಾ, ಇವತ್ತ ನನಗ ಸೂಟಿ. ಪಾಳಿ ನಿಂದು."

"ಬರಂಗಿಲ್ಲ ಮಾಮಾ. ನನಗ ಅಳಾಕೇ ಬರಂಗಿಲ್ಲ."

"ಬರ್ತದ. ನಾ ಬಾಗಲಕ್ಕ ನಿಂದರ್ತೀನಿ. ಒಬ್ರನೂ ಮ್ಯಾಲ ಬಿಡಂಗಿಲ್ಲ."

"ಮಾಮಾ... ನನಗ ಭಾಳ ಅಂಜಿಕಿ ಆಗ್ಯಾದ."

ಮೂವತ್ತೆರಡು ವರ್ಷದಲ್ಲಿ ಈ ಮಾತನ್ನು ನಾನು ಯಾರ ಮುಂದೆಯೂ ಆಡಿರಲಿಲ್ಲ. ಮಾಮ ನನ್ನ ತಲೆಯ ಮೇಲೆ ಆ ದೊಡ್ಡ ಕೈ ಇಟ್ಟ. "ನನಗೂ ಆಗ್ಯಾದಪ್ಪಾ" ಎಂದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡ.

ನಾನು ಅತ್ತೆ. ಹೊಸಬನಲ್ಲವೇ, ಚೆನ್ನಾಗಿ ಬರಲಿಲ್ಲ. ಮೊದಲು ಬತ್ತಿದ ಬೋರಿನಂತೆ ಬರೀ ಸದ್ದು ಬಂತು, ಆಮೇಲೆ ನೀರು ಬಂತು. ಮಗನಿಗಾಗಿ ಅತ್ತೆ, ಮುರಿದ ಕೈಗೆ ಅತ್ತೆ, ಜೀಪು ಹತ್ತುವಾಗ ನನ್ನ ಕಡೆ ನೋಡಿದ ಅಕ್ಕನಿಗಾಗಿ ಅತ್ತೆ. ನಡುವೆ ಬಾಗಿಲಾಚೆ ಎಡ-ಬಲ, ಎಡ-ಬಲ ಎಂದು ಗುರುತು ಹಿಡಿಯಬಹುದಾದ ಹೆಜ್ಜೆ ಮೆಟ್ಟಿಲೇರಿ ಬಂತು.

"ಅವ ಎಲ್ಲ್ಯಾನ?" ಅಪ್ಪನ ದನಿ.

"ಮ್ಯಾಲ ಯಾರೂ ಇಲ್ರಿ ಭಾವಾ."

ನಾನು ಟಾವೆಲ್ಲನ್ನು ಬಾಯಿಗೆ ತುರುಕಿಕೊಂಡೆ. ಆದರೂ ಸದ್ದು ಹೋಯಿತು. ಅಪ್ಪ ಬಹಳ ಹೊತ್ತು ಅಲ್ಲೇ ನಿಂತಿದ್ದರು. ಆಮೇಲೆ ಹೆಜ್ಜೆ ಕೆಳಗಿಳಿದವು. ಈ ಸಲ ಎಡ-ಬಲ ಸರಿಯಿರಲಿಲ್ಲ.

ಟಾವೆಲ್ಲಿನಿಂದ ಮುಖ ಒರೆಸಿಕೊಂಡು ಕೆಳಗೆ ಹೋದೆ. ಅಪ್ಪ ನನ್ನ ಊದಿದ ಕಣ್ಣು ನೋಡಿದರು. ಎಲ್ಲರೂ ಕೇಳುವ ಹಾಗೆ, "ಆ ಮಾಳಗಿ ಮ್ಯಾಲ ಧೂಳ ಭಾಳ ಅದ" ಎಂದು ಹೇಳಿ ನನಗೊಂದು ಚಹಾ ತಂದುಕೊಟ್ಟರು. ಮಾಮ ಸಂಜೆಯ ರೈಲಿಗೆ ಡ್ಯೂಟಿಗೆ ಹೊರಟುಹೋದ. ಟಾವೆಲ್ಲು ನನ್ನ ಹತ್ತಿರವೇ ಉಳಿಯಿತು.

ಮರುದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಒಳಗಿನಿಂದ ಒಂದು ಸದ್ದು ಬಂತು. ಬೆಕ್ಕಿನಮರಿಯದೋ ಎಂದುಕೊಂಡೆ. ನರ್ಸ್ ನಗುತ್ತ ಬಾಗಿಲು ತೆರೆದಳು. ನನ್ನ ಮಗ ಕೈಕಾಲು ಬಡಿದು, ಕೆಂಪಗಾಗಿ, ಬಾಯಿ ತೆರೆದು ಅಳುತ್ತಿದ್ದ! ನಾನು ಮಾಮನಿಗೆ ಫೋನ್ ಹಚ್ಚಿ ಬಾಗಿಲಿನ ಕಡೆ ಹಿಡಿದೆ. ಅಪ್ಪ ಗಾಜಿಗೆ ಎರಡೂ ಕೈ ಊರಿ ಮೈದಾನದಲ್ಲಿ ಹುಡುಗರಿಗೆ ಕೂಗುತ್ತಿದ್ದ ದನಿಯಲ್ಲೇ ಕೂಗುತ್ತಿದ್ದರು, "ಜೋರ! ಇನ್ನೂ ಜೋರ! ಶಾಬಾಸ್ ನಮ್ಮಪ್ಪಾ, ಇನ್ನೂ ಜೋರ ಅಳು!"

ಕೂಗುತ್ತ ಕೂಗುತ್ತ ಅವರ ದನಿ ಒಡೆಯಿತು. ಎದೆ ಹಿಂದೆ ಹೋಯಿತು, ಭುಜ ಕುಣಿಯತೊಡಗಿತು. ನರ್ಸ್ ಹುಡುಗಿ ಗಾಬರಿಯಾಗಿ ಹತ್ತಿರ ಬಂದು, "ಯಾಕ್ರಿ ಅಜ್ಜಾರ, ಕಣ್ಣಾಗ ಧೂಳ ಬಿತ್ತೇನ್ರಿ?" ಎಂದು ಕೇಳಿದಳು.

"ಧೂಳಲ್ಲವ್ವಾ," ಅಂದರು ಅಪ್ಪ. "ಅಳಾಕತ್ತೀನಿ."

ಫೋನಿನಲ್ಲಿ ಮಾಮ ಇದನ್ನೆಲ್ಲ ಕೇಳಿಸಿಕೊಂಡ. ಆಮೇಲೆ ಕೇಳಿದ, "ಅಳಿಯಾ, ಟಾವೆಲ್ಲು ನಿನ್ನ ಕಡೀನೇ ಅದ ಅಲ್ಲ? ಭಾವಗ ಕೊಡು."