ಬರಬೇಡಿ ಎಂದು ಕರೆದು ಬಂದೆ

ಮದುವೆಗೆ ಇನ್ನೂರು ಜನ. ಇನ್ನೂರೆಂದರೆ ಇನ್ನೂರೇ! ಸಾಕ್ಷಾತ್ ದೇವೇಂದ್ರನೇ ಐರಾವತ ಏರಿ ಬಂದರೂ ಇನ್ನೊಂದು ಎಲೆ ಹಾಕುವುದಿಲ್ಲ ಎಂದು ಘೋಷಿಸಿದವನು ನಾನು, ಬಕ್ಕೇಶ್. ಹರಿಹರಕ್ಕೆ ಹತ್ತಿರದ ಕರೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ನನ್ನನ್ನು ಮದುವೆಯಾಗಲು ಒಪ್ಪಿದ ರೂಪಶ್ರೀ ಹರಿಹರದವಳು. ಹೆತ್ತವರ ಮೇಲೆ ಭಾರ ಹಾಕದೆ ನಮ್ಮ ದುಡಿಮೆಯಲ್ಲೇ ಮದುವೆಯಾಗಬೇಕೆಂದು ಇಬ್ಬರೂ ಪಣ ತೊಟ್ಟಿದ್ದೆವು. ಎಷ್ಟು ಎಳೆದರೂ ನಮ್ಮ ಸಂಬಳ ಇನ್ನೂರು ಎಲೆಗೇ ಬಂದು ನಿಲ್ಲುತ್ತಿತ್ತು. ಹರಿಹರದಲ್ಲಿ ಹಿಡಿದ ಮಂಟಪವೂ ಅಷ್ಟಕ್ಕೇ ಏದುಸಿರು ಬಿಡುವಂಥದ್ದು.

ಕರೆಯಬೇಕಾದವರಿಗೆಲ್ಲ ಮೊಬೈಲಿನಲ್ಲೇ ಕಾರ್ಡು ಕಳಿಸಿಯಾಯಿತು. ಉಳಿದದ್ದು ಕರೆಯದವರ ಪ್ರಶ್ನೆ.

"ಸುಮ್ನೆ ಬಿಟ್ರೆ ಬೇಜಾರು ಮಾಡ್ಕೊಂತಾರ್ರೀ," ಎಂದಳು ರೂಪಶ್ರೀ.

"ಬಿಡೋದ್ಯಾಕೆ? ಮನೀಗೇ ಹೋಗಿ, ಸಣ್ಣ ಮದುವೆ, ಕರಿಯೋಕಾಗ್ತಿಲ್ಲ, ತಪ್ಪು ತಿಳೀಬ್ಯಾಡ್ರಿ ಅಂತ ಹೇಳ್ತೀನಿ. ಮಾತಾಡೋ ರೀತಿ ಗೊತ್ತಿರ್ಬೇಕು ಅಷ್ಟೆ!"

"ನಿಮಗೆ ಗೊತ್ತೈತಾ?"

ಇಂಥ ಪ್ರಶ್ನೆಗೆಲ್ಲ ಉತ್ತರಿಸುವಷ್ಟು ಸಣ್ಣವನಲ್ಲ ನಾನು. ಬೈಕ್ ಹತ್ತಿದೆ.

ಮೊದಲು ಹೋದದ್ದು ಕೊಂಡಜ್ಜಿ ಎಂಬ ಹಳ್ಳಿಗೆ. ದೂರದ ಸಂಬಂಧದಲ್ಲಿ ಅಪ್ಪನಿಗೆ ತಂಗಿಯಾಗಬೇಕಾದ ಮರುಳಸಿದ್ದಮ್ಮತ್ತೆ ನನ್ನನ್ನು ಕಂಡದ್ದೇ ತಡ, "ಮದುಮಗ ಬಂದ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿ, ಮುಂದೆ ಒಂದು ತಟ್ಟೆ ಖಾರ ಮಂಡಕ್ಕಿ ಇಟ್ಟರು.

"ಅತ್ತೆ, ಮದುವೆ ಭಾಳ ಸಣ್ಣದು."

"ಸಣ್ಣದೇ ಚಲೋ. ದೊಡ್ಡ ಮದುವ್ಯಾಗ ಉಣ್ಣೋರ ಬೆನ್ನಿಂದೇನೇ ಜನ ನಿಂತಿರ್ತಾರೆ."

"ಜಾಗಾನೂ ಕಡಿಮೆ ಐತೆ ಅತ್ತೆ."

"ನಾವು ಬೆಳಿಗ್ಗೇನೇ ಬಂದು ಜಾಗ ಹಿಡೀತೀವಿ. ನೀನೇನೂ ಚಿಂತಿ ಮಾಡಬ್ಯಾಡ."

"ಅಯ್ಯೋ, ದೂರದೋರ್ನ ಯಾರನ್ನೂ ಕರೀತಿಲ್ಲ ಅತ್ತೆ!"

ಅತ್ತೆಯ ಕಣ್ಣು ತುಂಬಿತು. "ಯಾರನ್ನೂ ಕರೀದೋನು ನಮ್ಮನೀಗೆ ಮಾತ್ರ ಹುಡುಕ್ಕೊಂಡು ಬಂದೀಯಲ್ಲೋ ನನ್ನಪ್ಪ!"

ನನ್ನ ಕೈಗೆ ತೆಂಗಿನಕಾಯಿ, ಹೆಗಲಿಗೆ ಹೊಸ ಟವೆಲ್ಲು ಬಂದವು. ಅವರ ಕಡೆಯಿಂದ ಒಂದು ಟ್ರ್ಯಾಕ್ಸ್ ಗಾಡಿ ತುಂಬ ಜನ ಬರುವುದೆಂದು ತೀರ್ಮಾನವೂ ಆಯಿತು. ಬಾಯಿ ತುಂಬ ಮಂಡಕ್ಕಿ ಇದ್ದವನು ಇನ್ನೇನು ಹೇಳಲಿ?

ತಪ್ಪೆಲ್ಲ ನನ್ನ ಸುತ್ತುಬಳಸಿನ ಮಾತಿನದು ಎಂದುಕೊಂಡು, ದೇವರಾಜ ಅರಸು ಬಡಾವಣೆಯಲ್ಲಿರುವ ನಮ್ಮ ಹಳೆಯ ನೆರೆಯವರಾದ ರುದ್ರಮುನಿಯವರ ಮನೆಯಲ್ಲಿ ನೇರವಾಗಿ ಹೇಳಿಯೇಬಿಟ್ಟೆ. "ಅಂಕಲ್, ಮದುವೆ ದಿನ ನೀವು ಬರೋದು ಬ್ಯಾಡ್ರಿ."

ಅವರು ತೊಡೆ ತಟ್ಟಿಕೊಂಡು ನಕ್ಕರು. "ಗೊತ್ತಾತು ಬಿಡು! ಹಿಂದಿನ ದಿನಾನೇ ಬಂದು, ನಿಂತು, ಎಲ್ಲಾ ನೋಡ್ಕೋಬೇಕು, ಹೌದಿಲ್ಲೋ? ಇಷ್ಟು ಸಲಿಗೆಯಿಂದ ನಮ್ಮ ಸ್ವಂತ ಅಣ್ಣನ ಮಕ್ಕಳೂ ಕರ್ದಿಲ್ಲ ನೋಡು!"

ಒಂದು ಹೊತ್ತಿನ ಊಟ ತಪ್ಪಿಸಲು ಹೋಗಿ ಹಿಂದಿನ ರಾತ್ರಿಯ ಊಟವನ್ನೂ ಸೇರಿಸಿ ಬಂದೆ!

ಸಂಜೆಯ ಹೊತ್ತಿಗೆ ನಾನು ಬೇಡವೆಂದವರೆಲ್ಲ ಬರುವುದು ಖಾತ್ರಿಯಾಗಿತ್ತು. ಅಷ್ಟರಲ್ಲಿ ಸೋದರಮಾವ ಕೊಟ್ಟೂರಪ್ಪನ ಫೋನು. ಕಾರ್ಡು ಎಲ್ಲರಿಗಿಂತ ಮೊದಲು ಹೋದದ್ದೇ ಅವರಿಗೆ.

"ಏನಪ್ಪಾ, ಕಂಡಕಂಡೋರ ಮನೀಗೆಲ್ಲ ಹೋಗಿ ಕರೀತಿದೀಯಂತೆ! ನಮಗೆ ಮಾತ್ರ ಮೊಬೈಲ್‌ನಾಗೆ ಕಾರ್ಡಾ? ನಾವು ಬರಂಗಿಲ್ಲ!"

"ಮಾವ, ನಾನು ಕರಿಯೋಕೆ ಹೋಗಿದ್ದಲ್ಲ, ಬರಬ್ಯಾಡ್ರಿ ಅನ್ನೋಕೆ ಹೋಗಿದ್ದು!"

"ಬರಬ್ಯಾಡ ಅನ್ನೋಕೆ ಮನೀಗೆ ಹೋಗ್ತೀಯಾ, ಬಾ ಅನ್ನೋಕೆ ಬರೋಕಾಗಂಗಿಲ್ಲಾ?"

ಮಾವ ಫೋನ್ ಇಟ್ಟೇಬಿಟ್ಟರು. ಕರೆದವರು ಬರುವುದಿಲ್ಲ, ಕರೆಯದವರು ಬಂದೇ ಬರುತ್ತಾರೆ! ಮದುವೆ ನನ್ನದೋ ಇನ್ಯಾರದೋ ಎಂಬುದೇ ತಿಳಿಯದಂತಾಗಿ ಹರಿಹರಕ್ಕೆ ಓಡಿದೆ. ರೂಪಶ್ರೀ ನಗದೆ ಪೂರ್ತಿ ಕೇಳಿಸಿಕೊಂಡಳು. ಅದಕ್ಕೇ ನನಗೆ ಹೆಚ್ಚು ಭಯವಾಯಿತು.

"ನಿನ್ನ ಕಡೆಯೋರ್ನ ಹೆಂಗೆ ಬ್ಯಾಡ ಅಂದೆ?" ಎಂದು ಕೇಳಿದೆ.

"ನಾನ್ಯಾಕೆ ಅನ್ಲಿ? ಲೆಕ್ಕ ಎಲ್ಲಾ ಅವ್ರದ್ದೇ, ಅವ್ರನ್ನೇ ಕೇಳ್ರಿ ಅಂತ ನಿಮ್ಮ ನಂಬರ್ ಕೊಟ್ಟೆ."

ಮಾತು ಮುಗಿಯುವುದರೊಳಗೆ ನನ್ನ ಫೋನು ಬಡಿದುಕೊಂಡಿತು. ಅವಳ ದೊಡ್ಡಮ್ಮ ಹಂಪವ್ವ.

"ಅಳಿಯಂದ್ರೇ, ಮಂಟಪದಾಗೆ ಜಾಗ ಇಲ್ಲಂತಲ್ರೀ. ನಾವು ಬರೋದು ಬ್ಯಾಡೇನ್ರಿ?"

ಇಡೀ ದಿನದಲ್ಲಿ ಮೊದಲ ಬಾರಿಗೆ ಒಬ್ಬರು ವಿಷಯ ಸರಿಯಾಗಿ ಅರ್ಥ ಮಾಡಿಕೊಂಡಿದ್ದರು! ನಾನು ಹೇಳಬೇಕಾದದ್ದು ಒಂದೇ ಮಾತು: ಹೌದು. ಎದೆ ಗಟ್ಟಿ ಮಾಡಿಕೊಂಡು ಬಾಯಿ ತೆರೆದೆ.

"ಛೇ ಛೇ, ಏನು ಮಾತ್ರೀ ಅದು! ಮನೆಮಂದಿಯೆಲ್ಲ ಬರ್ಲೇಬೇಕ್ರಿ!"

ರೂಪಶ್ರೀ ನಿಧಾನಕ್ಕೆ ನನ್ನ ಕೈಯಿಂದ ಫೋನು ತೆಗೆದುಕೊಂಡು ಸ್ವಿಚ್ ಆಫ್ ಮಾಡಿದಳು.

"ನೋಡ್ರಿ, ಇನ್ಮೇಲೆ ಬೇಕಾದ್ರೆ ಊರಿಗೆ ಊರೇ ಕರೀರಿ. ಬ್ಯಾಡ ಅನ್ನೋಕೆ ಮಾತ್ರ ಯಾರ ಮನೀಗೂ ಹೋಗ್ಬ್ಯಾಡ್ರಿ. ನಮ್ಮಿಬ್ಬರ ಸಂಬಳ ಅದನ್ನ ತಡ್ಕೊಳ್ಳಂಗಿಲ್ಲ!"